ಎರಡನೆಯ ಗ್ಲಾಸು

ಜಾಡಿಯ ಬಾಯಿಗೆ ಕಟ್ಟಿದ್ದ ಬಟ್ಟೆಯ ದಾರ ಬಿಚ್ಚಿದ್ದೇ ತಡ, ಆಂಥೋನಿಯ ಬಾಯಲ್ಲಿ ನೀರೂರಿತು. ಮೊದಲು ನಾಲಗೆಗೆ ಗೊತ್ತಾಯಿತು, ಆಮೇಲೆ ಮೂಗಿಗೆ, ಎಲ್ಲಕ್ಕಿಂತ ಕೊನೆಗೆ ತಲೆಗೆ. ಗಾಜಿನ ಅಂಚಿನ ಸುತ್ತ ಗುಲಾಬಿ ಬಣ್ಣದ ತೆಳು ನೊರೆ ಕಟ್ಟಿತ್ತು. ತಳದಿಂದ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು, ಯಾವ ಅವಸರವೂ ಇಲ್ಲದೆ ಮೇಲೆ ಬರುತ್ತಿದ್ದವು. ಅವನು ಸುತ್ತ ನೋಡಿದ. ಕೊಲ್ಲಿ ನಾಡಿನ ಶುವೈಖಿನ ಆ ಶೋರೂಮಿನಲ್ಲಿ ಭಾನುವಾರ ಬೆಳಿಗ್ಗೆ ಅವನೊಬ್ಬನೇ ಇದ್ದ. ಶುಕ್ರವಾರ, ಶನಿವಾರ, ರಜೆಯ ಎರಡು ದಿನ ಎ.ಸಿ. ಬಂದ್ ಆಗಿ, ಗಾಜಿನ ಗೋಡೆಯ ಮೇಲೆ ಬಿಸಿಲು ಬಿದ್ದೂ ಬಿದ್ದೂ ಕೋಣೆ ಕಾದ ಒಲೆಯಾಗಿತ್ತು. ಕಪಾಟಿನ ತುಂಬ ಇಟಲಿಯ ಆಲಿವ್ ಎಣ್ಣೆ, ಟರ್ಕಿಯ ಅಂಜೂರದ ಜಾಮು, ಎಲ್ಲವೂ ತಂತಮ್ಮ ಮುಚ್ಚಳದೊಳಗೆ ಸಭ್ಯವಾಗಿ ಕುಳಿತಿದ್ದವು. ಇದೊಂದು ಮಾತ್ರ ಉಸಿರಾಡುತ್ತಿತ್ತು. ಖೈತಾನಿನ ತನ್ನ ಫ್ಲಾಟಿನಲ್ಲಿ, ಮಲಗುವ ಕೋಣೆಯ ಕಪಾಟಿನ ಬಾಗಿಲು ತೆರೆದರೆ ಚಳಿಗಾಲದ ಕಂಬಳಿಗಳ ಹಿಂದಿನಿಂದ ಬರುವ ವಾಸನೆ ಇದು. ಅಲ್ಲಿ ಅದು ಕ್ರಿಸ್ಮಸ್ಸಿನ ವಾಸನೆ. ಇಲ್ಲಿ, ಮದ್ಯ ಮುಟ್ಟಿದರೆ ಗಡೀಪಾರು ಎನ್ನುವ ದೇಶದ ಕಂಪನಿಯ ಕೌಂಟರಿನ ಮೇಲೆ, ಜೈಲಿನ ವಾಸನೆ, ಜೈಲಿನಿಂದ ನೇರ ಏರ್‌ಪೋರ್ಟಿನ ವಾಸನೆ.

ಇದು ದ್ರಾಕ್ಷಿಯ ರಸ, ಬರೇ ರಸ, ಎಂದು ಅವನು ತನಗೆ ತಾನೇ ಹೇಳಿಕೊಂಡ. ಆಸ್ಟ್ರಿಯಾದಿಂದ ಬಂದ ಪೆಟ್ಟಿಗೆಗಳನ್ನು ಬಂದರಿನಲ್ಲಿ ಬಿಡಿಸಿಕೊಂಡು ಬಂದವನೇ ಅವನು. ಪರೀಕ್ಷೆಯಲ್ಲಿ ಪಾಸಾದ ರಸ. ಗುರುವಾರ ಸಂಜೆ ಸೂಪರ್‌ಮಾರ್ಕೆಟಿನವರನ್ನೂ ಹೋಟೆಲಿನವರನ್ನೂ ಕರೆಸಿ ರುಚಿ ತೋರಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದ ಮಾಲೀಕ ಬು ಬದರ್. ಕೊನೆ ಗಳಿಗೆಯಲ್ಲಿ, ನಲ್ಲಿಯಿದ್ದ ದೊಡ್ಡ ಗಾಜಿನ ಪಾತ್ರೆ ಒಡೆಯಿತು. ಯಲ್ಲಾ ಆಂಥೋನಿ, ಎಲ್ಲಿಂದಾದರೂ ಇನ್ನೊಂದು ತಾ ಎಂದು ಬು ಬದರ್ ಕೂಗಿದ. ಸ್ಟೋರಿನ ಜವಾಬ್ದಾರಿ ಆಂಥೋನಿಯದು. ಇಲ್ಲ ಎಂಬ ಮಾತು ಅವನ ಬಾಯಿಂದ ಇಷ್ಟು ವರ್ಷಗಳಲ್ಲಿ ಬಂದದ್ದಿಲ್ಲ. ಅವನಿಗೆ ಹೊಳೆದದ್ದು ಹೆಂಡತಿ ಬೆಟ್ಟಿಯ ಜಾಡಿ. ಹೋದ ವಾರವಷ್ಟೇ ಅವಳು ಅದರಲ್ಲಿದ್ದ ವೈನನ್ನು ಬಸಿದು ಬಾಟಲಿಗಳಿಗೆ ತುಂಬಿ, ಜಾಡಿ ತೊಳೆದು ಬೋರಲು ಹಾಕಿದ್ದಳು. ಅವಳು ಹಲ್ಲಿನ ಕ್ಲಿನಿಕ್ಕಿನಲ್ಲಿ ಡ್ಯೂಟಿಯಲ್ಲಿದ್ದಳು, ಕೇಳುವುದೇನು ಬಂತು ಎಂದು ಅವನು ಜಾಡಿಯನ್ನೂ, ಜೊತೆಗಿದ್ದ ಮರದ ಸೌಟನ್ನೂ, ಬಾಯಿಕಟ್ಟುವ ಬಟ್ಟೆಯನ್ನೂ ಚೀಲಕ್ಕೆ ತುರುಕಿಕೊಂಡು ಟ್ಯಾಕ್ಸಿಯಲ್ಲಿ ಓಡಿ ಬಂದಿದ್ದ. ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಮುಗಿದ ಮೇಲೆ, ತೆರೆದ ಬಾಟಲಿಗಳಲ್ಲಿ ಉಳಿದದ್ದನ್ನು ಚೆಲ್ಲಿಬಿಡಿ ಎಂದಿದ್ದಳು ಆಸ್ಟ್ರಿಯಾದ ಹೆಂಗಸು. ಚೆಲ್ಲುವುದೇ? ಆಂಥೋನಿಯ ಮನೆಯಲ್ಲಿ ಅನ್ನದ ತಿಳಿಯನ್ನು ಕೂಡ ಚೆಲ್ಲಿದವರಿಲ್ಲ. ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ. ಅವನು ಉಳಿದದ್ದನ್ನೆಲ್ಲ ಜಾಡಿಗೆ ಸುರಿದು, ಸೌಟಿನಿಂದ ಒಮ್ಮೆ ತಿರುವಿ, ಬಟ್ಟೆ ಹೊದಿಸಿ, ದಾರ ಕಟ್ಟಿ ಮನೆಗೆ ಹೋದ. ಜಾಡಿಯ ಮುಚ್ಚಳ ಪಕ್ಕದಲ್ಲೇ ಇತ್ತು. ಅವನ ಕೈಗಳು ಮುಚ್ಚಳದ ಕಡೆ ನೋಡಲೂ ಇಲ್ಲ. ಯಾರನ್ನೂ ಕೇಳದೆ ತಮಗೆ ಅಭ್ಯಾಸವಿದ್ದದ್ದನ್ನು ಮಾಡಿ ಮುಗಿಸಿದ್ದವು.

ಆ ಹೆಂಗಸಿನ ಹೆಸರು ರೋಸ್‌ವಿಟಾ. ಬಿಳಿ ಷರಟು ಹಾಕಿಕೊಂಡಿದ್ದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಗುರುವಾರ ಬೆಳಿಗ್ಗೆ ಏರ್‌ಪೋರ್ಟಿನಿಂದ ಸಲ್ವಾದ ಹೋಟೆಲಿಗೆ ಹೋಗುವಾಗ ಅವಳು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ತನ್ನ ಮನೆಯ ಕಥೆಯನ್ನೆಲ್ಲ ಹೇಳಿದ್ದಳು. ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಮೆಟ್ಟಿಲು ಮೆಟ್ಟಿಲಾದ ದ್ರಾಕ್ಷಿ ತೋಟ. ಆಳು ಎಂದರೆ ಮನೆಯವರೇ. ಮುದಿ ಅಪ್ಪ ಇನ್ನೂ ಬಳ್ಳಿ ಸವರುತ್ತಾನೆ, ಅಣ್ಣ ನೆಲಮಾಳಿಗೆಯಲ್ಲಿ ಪೀಪಾಯಿಗಳ ಜೊತೆ ಇರುತ್ತಾನೆ, ಊರೂರು ತಿರುಗಿ ಮಾರುವುದು ಇವಳು. ರಸ ಇತ್ತೀಚಿನದು, ಅಸಲು ಕಸುಬು ವೈನು. ಅಣ್ಣನಿಗೆ ಸ್ಟೀಲಿನ ಟ್ಯಾಂಕು ತರಿಸಬೇಕೆಂಬ ಆಸೆ, ಅಪ್ಪನಿಗೆ ಮುತ್ತಜ್ಜನ ಕಾಲದ ದೊಡ್ಡ ಮರದ ಪೀಪಾಯಿಗಳೇ ಆಗಬೇಕು. ಇಬ್ಬರೂ ಒಂದೇ ಮೇಜಿನಲ್ಲಿ ಉಂಡರೂ ಅದರ ಬಗ್ಗೆ ಮಾತಾಡುವುದಿಲ್ಲವಂತೆ. ಹೊರಗಿನಿಂದ ಹುದುಗು ತಂದು ಹಾಕಿದ್ದೇ ಇಲ್ಲ ನಾವು, ಎಂದಳು. ಹುದುಗು ಪೀಪಾಯಿಯ ಮರದಲ್ಲಿದೆ, ಮಾಳಿಗೆಯ ಗೋಡೆಗೆ ಹತ್ತಿದ ಕಪ್ಪು ಬೂಷ್ಟಿನ ನಡುವೆ ಇದೆ, ನಮ್ಮ ಬಟ್ಟೆಯಲ್ಲಿದೆ. ಅಜ್ಜ ಆ ಗೋಡೆ ತೊಳೆಯಲು ಯಾರನ್ನೂ ಬಿಡುತ್ತಿರಲಿಲ್ಲ. ನಾವು ವೈನ್ ಮಾಡುವುದಿಲ್ಲ, ಕಾಯುತ್ತೇವೆ, ಅಷ್ಟೇ. ಹೊಸ ವೈನ್ ಕುಡಿಯಲು ಸಿದ್ಧವಾದಾಗ ಮನೆಯ ಬಾಗಿಲಿಗೆ ಪೈನ್ ಮರದ ಒಂದು ಕೊಂಬೆ ಕಟ್ಟುತ್ತೇವೆ, ದಾರಿಯಲ್ಲಿ ಹೋಗುವವರೆಲ್ಲ ಒಳಗೆ ಬರುತ್ತಾರೆ. ಬಾಗಿಲಿಗೆ ಕೊಂಬೆ ಕಟ್ಟುತ್ತಾರಂತೆ! ಆಂಥೋನಿಗೆ ಕಂಬಳಿಗಳು ನೆನಪಾಗಿ, ಯಾಕೋ ಮೈಯೆಲ್ಲ ನಾಚಿಕೆಯಾಯಿತು. ನಿಮ್ಮಲ್ಲೂ ಇದೆಲ್ಲ ಇದೆಯೇ ಎಂದು ಅವಳು ಕೇಳಿದಳು. "ಇಲ್ಲ ಮೇಡಂ, ನಮಗೆ ಇದೆಲ್ಲ ಗೊತ್ತೇ ಇಲ್ಲ" ಎಂದುಬಿಟ್ಟ. ಕಾರು ಓಡಿಸುತ್ತಿದ್ದ ಗೆಳೆಯ, ಕಂಪನಿಯ ಡ್ರೈವರ್ ನಿಸಾರ್ ಕನ್ನಡಿಯಲ್ಲಿ ಅವನನ್ನು ನೋಡಿ ನಕ್ಕಿದ್ದ. "ಪೊರ್ಬುಗಳಿಗೆ ಗೊತ್ತಿಲ್ಲದ್ದು ಎಂತ ಉಂಟು ಮಾರಾಯ್ರೆ," ಎಂದು ಕನ್ನಡದಲ್ಲಿ ಹೇಳಿ ಗೇರು ಬದಲಾಯಿಸಿದ್ದ. ಊರಿನ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಹಾಗೆ ಕರೆಯುತ್ತಾರೆ; ನಿಸಾರನ ಬಾಯಲ್ಲಿ ಅದು ಅರ್ಧ ಮರ್ಯಾದೆ, ಅರ್ಧ ತಮಾಷೆ.

ಹುದುಗು ಮರದಲ್ಲಿದೆ. ಬಟ್ಟೆಯಲ್ಲಿದೆ. ಈಗ ಜಾಡಿಯ ಮುಂದೆ ನಿಂತು ಅವಳ ಮಾತು ನೆನಪಾದಾಗ ಆಂಥೋನಿ ಸೌಟನ್ನೂ ಬಟ್ಟೆಯನ್ನೂ ನೋಡಿದ. ಬೆಟ್ಟಿ ಪ್ರತಿವರ್ಷ ತಿರುವುವ ಸೌಟು, ಪ್ರತಿವರ್ಷ ಕಟ್ಟುವ ಬಟ್ಟೆ. ತನ್ನ ಮನೆಯ ಮಾಳಿಗೆಯನ್ನೇ ಹೊತ್ತು ತಂದು ಕಫೀಲನ, ತನ್ನ ವೀಸಾದ ಹೊಣೆ ಹೊತ್ತ ಮಾಲೀಕನ, ಕೌಂಟರಿನ ಮೇಲೆ ಇಟ್ಟುಬಿಟ್ಟಿದ್ದ. ಒಂದು ತೊಟ್ಟು ಬೆರಳಿಗೆ ಹಚ್ಚಿ ನೆಕ್ಕಿದ. ಸಂಶಯವೇ ಇಲ್ಲ, ಸಿಹಿಯ ಅರ್ಧ ಹೋಗಿತ್ತು, ಹೋದ ಅರ್ಧ ಏನಾಗಿದೆಯೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ರಸ್ತೆಯಲ್ಲಿ ಇರಲಿಕ್ಕಿಲ್ಲ. ಚೆಲ್ಲಬೇಕು, ಈಗಲೇ ಚೆಲ್ಲಬೇಕು. ಜಾಡಿಯನ್ನು ತಬ್ಬಿಕೊಂಡು ಎತ್ತಿ ಸಿಂಕಿನ ಕಡೆ ಹೆಜ್ಜೆ ಇಟ್ಟ. ಅಷ್ಟರಲ್ಲಿ ಹೊರಗೆ ಬಾಗಿಲಿನ ಹತ್ತಿರ ಬು ಬದರನ ದನಿ: "ಆಂಥೋನಿ! ಮೇಡಂ ಹೊರಟಿದ್ದಾರೆ, ಬಾ ಇಲ್ಲಿ!" ಮಾಲೀಕ ಕೂಗಿದರೆ ಅವನ ಕಾಲು ತಾನಾಗಿಯೇ ಓಡುತ್ತಿತ್ತು. ಜಾಡಿಯನ್ನು ಅಲ್ಲೇ ಇಟ್ಟು, ಬಟ್ಟೆಯನ್ನು ಹೇಗೋ ಮೇಲೆ ಎಸೆದು ಓಡಿದ. ಹೊರಗೆ ಅವಳ ಪೆಟ್ಟಿಗೆ ಇಳಿಸುವುದು, ಸ್ಯಾಂಪಲ್ಲಿನ ಕಾರ್ಟನ್ನು ಕಟ್ಟುವುದು, ಆರ್ಡರಿನ ಬಗ್ಗೆ ಬು ಬದರ್ ಕೇಳಿದ್ದಕ್ಕೆಲ್ಲ ಯೆಸ್ ಸರ್ ಯೆಸ್ ಸರ್ ಎನ್ನುವುದು. ಮೂವರೂ ಒಳಗೆ ಬಂದಾಗ ಡೆಲಿವರಿಗೆ ಮಾಲು ತುಂಬಲು ಬಂದಿದ್ದ ನಿಸಾರ್ ಕೌಂಟರಿಗೆ ಒರಗಿ ನಿಂತಿದ್ದ. ಅವನ ಕೈಯಲ್ಲಿ ಖಾಲಿ ಗ್ಲಾಸು. ಮೀಸೆಯ ಮೇಲೆ ಗುಲಾಬಿ ನೊರೆ.

"ಪೊರ್ಬುಗಳೇ, ಇದೆಂತ ಜ್ಯೂಸು ಮಾರಾಯ್ರೆ! ಗುರುವಾರ ಹೀಗೆ ಇರ್ಲಿಲ್ಲಲ್ಲ. ಸೋಡ ಹಾಕಿದ್ದೀರಾ? ಮೂಗಿಗೆ ಚುರುಕ್ ಅಂತದೆ."

ಆಂಥೋನಿ ಮಾಲೀಕನ ಕಡೆ ನೋಡಿದ. ಪಕ್ಕದಲ್ಲಿ ಬು ಬದರ್ ಫೋನಿನಲ್ಲಿ ಯಾರನ್ನೋ ಗದರುತ್ತಿದ್ದ. ಅವನಿಗೆ ಶೀತವಾಗಿ ಮೂಗು ಕಟ್ಟಿತ್ತು, ದೇವರು ದೊಡ್ಡವನು. ರೋಸ್‌ವಿಟಾ ಮಾತ್ರ ನಿಂತಲ್ಲೇ ನಿಂತಳು. ಅವಳ ಮೂಗಿನ ಹೊಳ್ಳೆಗಳು ಅರಳಿದ್ದನ್ನು ಅವನು ನೋಡಿದ. ಅವಳ ಕಣ್ಣು ಜಾಡಿಗೆ, ಜಾಡಿಯಿಂದ ಬಟ್ಟೆಗೆ, ಬಟ್ಟೆಯಿಂದ ಸೌಟಿಗೆ, ಸೌಟಿನಿಂದ ಅವನ ಮುಖಕ್ಕೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ತನ್ನ ಮೀಸೆ ಒರೆಸಿಕೊಂಡ, ಅಲ್ಲಿ ಏನೂ ಇರಲಿಲ್ಲ. ನಿಸಾರ್ ಸೌಟಿನಿಂದ ಎರಡನೆಯ ಗ್ಲಾಸು ತುಂಬಿಸುತ್ತಿದ್ದ. ನಿಲ್ಲು ಎನ್ನಬೇಕು. ಒಂದೇ ಮಾತು, ಕನ್ನಡದಲ್ಲಿ ಹೇಳಿದರೆ ಬು ಬದರನಿಗೆ ಅರ್ಥವೂ ಆಗುವುದಿಲ್ಲ. ಆದರೆ ಯಾಕೆ ಎಂದು ನಿಸಾರ್ ಕೇಳುತ್ತಾನೆ. ನಿಸಾರನ ದನಿ ದೊಡ್ಡದು. ಬು ಬದರ್ ಫೋನು ಇಳಿಸುತ್ತಾನೆ, ಏನು ಎನ್ನುತ್ತಾನೆ. ಹುಳಿಯಾಗಿದೆ ಸರ್. ನಿನಗೆ ಹೇಗೆ ಗೊತ್ತು ಆಂಥೋನಿ? ಈ ಜಾಡಿ ಎಲ್ಲಿಂದ ಬಂತು ಆಂಥೋನಿ? ಇಷ್ಟೆಲ್ಲ ಅವನ ತಲೆಯಲ್ಲಿ ನಡೆದು ಮುಗಿಯುವಷ್ಟರಲ್ಲಿ ಗ್ಲಾಸು ನಿಸಾರನ ತುಟಿಗೆ ಹೋಗಿತ್ತು. ಅವನ ಗಂಟಲಿನ ಗಂಟು ಮೇಲೆ ಕೆಳಗೆ ಆಡುವುದನ್ನು ಆಂಥೋನಿ ಕೊನೆಯವರೆಗೆ ನೋಡಿದ. ಅಬ್ಬಾ ಎಂದು ನಿಸಾರ್ ಗ್ಲಾಸು ಇಟ್ಟ. ಬು ಬದರ್ ಒಳಗಿನ ಆಫೀಸಿಗೆ ಹೋಗುತ್ತ ಕರೆದ ಕೂಡಲೇ ಆಂಥೋನಿ ಅವನ ಹಿಂದೆ ಹೋದ. ಯಾವುದೋ ಕಾಗದಕ್ಕೆ ಸೀಲು ಹಾಕಿದ. ಅವನು ಮರಳಿ ಬಂದಾಗ ನಿಸಾರನ ವ್ಯಾನು ಹೊರಟುಹೋಗಿತ್ತು.

ರೋಸ್‌ವಿಟಾ ಜಾಡಿಯ ಹತ್ತಿರ ಒಬ್ಬಳೇ ನಿಂತಿದ್ದಳು. ದನಿ ತಗ್ಗಿಸಿ ಒಂದು ಶಬ್ದ ಹೇಳಿದಳು: ಶ್ಟುರ್ಮ್. ನಮ್ಮ ಭಾಷೆಯಲ್ಲಿ ಬಿರುಗಾಳಿ, ಎಂದಳು. ರಸವೂ ಅಲ್ಲದ ವೈನೂ ಅಲ್ಲದ ನಡುವಿನದು. ಇದೇ ತಿಂಗಳಲ್ಲಿ ನಮ್ಮೂರಲ್ಲಿ ಸುಟ್ಟ ಚೆಸ್ಟ್‌ನಟ್ ಜೊತೆ ಕುಡಿಯುತ್ತಾರೆ. ಮುಚ್ಚಳ ಬಿಗಿಯಬಾರದು, ಬಾಟಲಿ ಒಡೆಯುತ್ತದೆ. ಆಮೇಲೆ ಸೌಟನ್ನು ಎತ್ತಿ ಮೂಸಿ, ಇದು ಯಾರ ಹುದುಗು, ತುಂಬ ಆರೋಗ್ಯವಾಗಿದೆ, ಇದನ್ನು ಸಾಕಿದವರಿಗೆ ಒಳ್ಳೆಯ ಕೈಗುಣವಿದೆ, ನಮ್ಮಪ್ಪನಿಗೆ ಇಷ್ಟವಾಗುತ್ತಿತ್ತು ಎಂದಳು. ಆಂಥೋನಿಯ ಎದೆ ಒಂದು ಕ್ಷಣ ಉಬ್ಬಿತು. ಹೌದು, ಉಬ್ಬಿತು, ಅದನ್ನು ಅವನು ಆಮೇಲೆ ಎಷ್ಟು ಅಲ್ಲಗಳೆದರೂ ಆಗಲಿಲ್ಲ. ಯಾವ ನೆಂಟರೂ ಇಷ್ಟು ಚೆನ್ನಾಗಿ ಹೊಗಳಿರಲಿಲ್ಲ. ನನ್ನ ಹೆಂಡತಿಯದು ಮೇಡಂ ಎನ್ನಲು ನಾಲಗೆ ತುದಿಗೆ ಬಂದಿತ್ತು. ಸ್ನೇಹಿತ ಎರಡು ಗ್ಲಾಸು ಹರಾಮು ಕುಡಿದು ಹೋದ ಜಾಗದಲ್ಲಿ, ಅವನ ತುಟಿಯ ಗುರುತು ಗ್ಲಾಸಿನ ಮೇಲೆ ಒಣಗುವ ಮೊದಲೇ, ತನ್ನ ಮನೆಯ ವೈನಿನ ಹೊಗಳಿಕೆಗೆ ಹಿಗ್ಗುವ ಈ ಮನುಷ್ಯ ಯಾರು ಎಂದು ಅವನಿಗೇ ದಿಗಿಲಾಯಿತು. ಅವಳು ಕೈಕುಲುಕಿ ಬು ಬದರನ ಕಾರು ಹತ್ತಿ ಹೋದಳು. ಅವಳದೇನು, ಸಂಜೆಯ ವಿಮಾನ.

ಸಿಂಕಿಗೆ ಸುರಿಯುವಾಗ ಜಾಡಿ ಹಗುರವೆನ್ನಿಸಿತು. ಎರಡು ಗ್ಲಾಸಿಗಿಂತ ಹೆಚ್ಚೇ ಖಾಲಿಯಾಗಿತ್ತು. ಅವನು ನಿಸಾರನಿಗೆ ಫೋನು ಮಾಡಿದ. ಮೂರು ಸಲ ಮಾಡಿದ ಮೇಲೆ ಎತ್ತಿದ.

"ಗಾಡಿ ಓಡಿಸ್ತಾ ಇದ್ದಿಯಾ? ತಲೆ ಗಿಲೆ ಸರಿ ಉಂಟಾ?"

"ತಲೆಗೆ ಎಂತ ಆಗಿದೆ? ಖುಷಿಯಲ್ಲಿದ್ದೇನೆ. ಯಾಕೆ ಕೇಳ್ತಿದ್ದೀರಿ?"

"ಹಾಗೇ ಕೇಳಿದ್ದು. ಜ್ಯೂಸು... ಬಾಟ್ಲಿಯಲ್ಲಿ ತೆಗೊಂಡು ಹೋದೆಯಾ?"

"ಒಂದು ಬಾಟ್ಲಿ ತುಂಬಿಸ್ಕೊಂಡೆ. ಉಮ್ಮನಿಗೆ ಇವತ್ತು ನೋಂಬು ಅಲ್ವಾ, ಹೋದ ರಂಜಾನಿನಲ್ಲಿ ಹುಷಾರಿಲ್ಲದೆ ಬಾಕಿ ಉಳಿದ ಉಪವಾಸ. ದಾರಿಯಲ್ಲಿ ಮನೆಯಲ್ಲಿ ಕೊಟ್ಟು ಬಂದೆ. ಸಂಜೆ ಮಗ್ರಿಬಿನ ಬಾಂಗಿಗೆ ಇದನ್ನೇ ಕುಡಿದು ನೋಂಬು ಬಿಡಿ ಅಂದೆ."

"ಅದನ್ನು ಚೆಲ್ಲು ಮಾರಾಯ. ಅದು ಹಾಳಾಗಿದೆ."

"ಎಂತ ಹಾಳು? ನಾನೇ ಎರಡು ಗ್ಲಾಸು ಕುಡಿದಿದ್ದೇನೆ, ಕಲ್ಲಿನ ಹಾಗಿದ್ದೇನೆ. ಒಂದು ಬಾಟ್ಲಿಗೆ ನೀವು ಇಷ್ಟು ಜಿಪುಣ ಆಗ್ಬಾರ್ದು ಪೊರ್ಬುಗಳೇ!" ಎಂದು ನಗುತ್ತ, ಜಮೀಯಾ ಸೂಪರ್‌ಮಾರ್ಕೆಟಿನ ಗೇಟು ಬಂತು, ಮಾಲು ಇಳಿಸಬೇಕು ಎಂದು ಇಟ್ಟುಬಿಟ್ಟ.

ಬೆಟ್ಟಿಗೆ ಫೋನು ಮಾಡಿದಾಗ ಅವಳು ಮೊದಲು ಕೇಳಿದ್ದು ಜಾಡಿಯನ್ನು. "ನನ್ನ ಜಾಡಿ ಯಾರನ್ನು ಕೇಳಿ ತೆಗೊಂಡು ಹೋದ್ರಿ ನೀವು?" ಆಮೇಲೆ ಅವಳ ದನಿ ಇಳಿಯಿತು, ಕ್ಲಿನಿಕ್ಕಿನ ಹೊರಗೆ ಬಂದಿರಬೇಕು. "ಕೇಳಿ ಇಲ್ಲಿ. ಬಾಯಿ ಮುಚ್ಚಿ ಕೂತ್ಕೊಳ್ಳಿ. ನಿಸಾರ್ ಒಳ್ಳೆಯವನೇ, ನಾನು ಇಲ್ಲ ಅನ್ನುದಿಲ್ಲ. ಆದರೆ ಅವನ ಬಾಯಿಂದ ಇನ್ನೊಬ್ಬನ ಬಾಯಿಗೆ ಹೋದ್ರೆ ನಮ್ಮ ಕಥೆ ಖಲಾಸ್. ಮಗಳದ್ದು, ಜಾನಿಸ್‌ನದ್ದು, ಹನ್ನೆರಡನೇ ಕ್ಲಾಸು ಉಂಟು. ಇಕಾಮಾ ಹೋದ್ರೆ, ಇಲ್ಲಿರುವ ಪರ್ಮಿಟೇ ಹೋದ್ರೆ, ಎಲ್ಲಿಗೆ ಹೋಗುದು ನಾವು? ಗೊತ್ತಿಲ್ಲದೆ ಕುಡಿದ್ರೆ ಅವರಿಗೆ ಪಾಪ ಇಲ್ಲ. ಅವರದ್ದರಲ್ಲೂ ಇಲ್ಲ, ನಮ್ಮದರಲ್ಲೂ ಇಲ್ಲ." ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಗೊತ್ತಿಲ್ಲದೆ ಕುಡಿದವರಿಗೆ ಪಾಪವಿಲ್ಲ. ಆಂಥೋನಿ ಆ ಮಾತನ್ನು ಮಧ್ಯಾಹ್ನವಿಡೀ ಬಾಯಿಗೆ ಹಾಕಿಕೊಂಡ ಪೆಪ್ಪರ್‌ಮಿಂಟಿನಂತೆ ಚೀಪುತ್ತ ಕುಳಿತ. ಕರಗಿ ಕರಗಿ ಕೊನೆಗೆ ಉಳಿದದ್ದು ಒಂದೇ: ಹಾಗಾದರೆ ಆ ಪಾಪ ಎಲ್ಲಿಗೆ ಹೋಗುತ್ತದೆ? ಗೊತ್ತಿದ್ದವನು ಒಬ್ಬನಿದ್ದಾನಲ್ಲ.

ಘಜಾಲಿ ರಸ್ತೆಯಲ್ಲಿ ಬಸ್ಸು ತೆವಳುತ್ತಿತ್ತು. ಸೂರ್ಯ ಕಟ್ಟಡಗಳ ಹಿಂದೆ ಇಳಿಯುತ್ತಿದ್ದ. ನಿಸಾರನ ಮನೆಗೆ ತಾನು ಯಾಕೆ ಹೊರಟೆ, ಹೋಗಿ ಏನು ಹೇಳುತ್ತೇನೆ ಎಂದು ಆಂಥೋನಿಗೆ ಇನ್ನೂ ಗೊತ್ತಿರಲಿಲ್ಲ. ಕುಳಿತಿರಲು ಆಗಲಿಲ್ಲ, ಎದ್ದು ಬಂದಿದ್ದ. ಬಾಟಲಿ ಒಡೆದಿರಲಿ ಎಂದು ಮಾತೆ ಮರಿಯಳಿಗೆ ಹರಕೆ ಹೇಳಿಕೊಂಡ. ಮರುಕ್ಷಣವೇ, ಒಡೆದ ಗಾಜು ಮುದುಕಿಯ ಕಣ್ಣಿಗೆ ಸಿಡಿದರೆ ಎಂದು ಹೆದರಿ ಹರಕೆ ವಾಪಸು ಪಡೆದ. ಬೆಟ್ಟಿ ಪ್ರತಿ ಕ್ರಿಸ್ಮಸ್ಸಿಗೆ ಎರಡು ಕೇಕು ಮಾಡುತ್ತಾಳೆ. ಒಂದರ ಹಣ್ಣು ವೈನಿನಲ್ಲಿ ನೆನೆದದ್ದು, ಇನ್ನೊಂದರದ್ದು ಕಿತ್ತಳೆ ರಸದಲ್ಲಿ. ಎರಡನೆಯದಕ್ಕೆ ಹಸಿರು ರಿಬ್ಬನ್ನು, ಅದು ನಿಸಾರನದು. ಅದರ ತಟ್ಟೆ ಬೇರೆ, ಚಾಕು ಬೇರೆ. ಮೊದಲ ವರ್ಷ ಮಾತ್ರ ನಿಸಾರ್ ಕೇಳಿದ್ದ, ಕೇಕಿಗೆ ಎಂತದೂ ಹಾಕಿಲ್ಲ ಅಲ್ವಾ ಅಕ್ಕ, ಎಂದು. ಆಮೇಲೆ ಕೇಳಲಿಲ್ಲ. ಕಂಬಳಿಗಳ ಹಿಂದೆ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲವೇ? ಅಷ್ಟು ಪೆದ್ದನಲ್ಲ ನಿಸಾರ್. ಕೇಳದೆ ಇರುವುದೇ ಅವನು ಇಟ್ಟ ನಂಬಿಕೆ. ಮತ್ತೆ ತಾನು ಹೆದರಿದ್ದು ಯಾರಿಗೆ? ಜೈಲಿಗೋ, ಇಕಾಮಾಕ್ಕೋ, ಬು ಬದರನಿಗೋ? ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಜೈಲು ಅವನ ಕಣ್ಣಮುಂದೆ ಬಂದೇ ಇರಲಿಲ್ಲ. ಮೇಡಮ್ಮಿನ ಮುಂದೆ, ಗೊತ್ತಿಲ್ಲ ಎಂದು ಹೇಳಿದ ಮೇಲೆ, ಗೊತ್ತಿದೆ ಎಂದು ತೋರಿಸಿಕೊಳ್ಳಲು ನಾಚಿಕೆಯಾಗಿತ್ತು. ಇಷ್ಟೇ. ಇಷ್ಟಕ್ಕೇ. ಅವನ ಪಕ್ಕದಲ್ಲಿ ಕುಳಿತ ಬಂಗಾಳಿ ಕೆಲಸಗಾರ ಏನಾಯಿತು ಭಾಯಿ ಎಂದಾಗಲೇ ತಾನು ಗಟ್ಟಿಯಾಗಿ ಛೀ ಎಂದದ್ದು ಅವನಿಗೆ ಗೊತ್ತಾದದ್ದು.

ಫರ್ವಾನಿಯಾದಲ್ಲಿ ಇಳಿದಾಗ ಬೀದಿದೀಪಗಳು ಹತ್ತಿದ್ದವು. ಅವನು ಓಡಿದ. ಈ ವಯಸ್ಸಿನಲ್ಲಿ, ಆಫೀಸಿನ ಬೂಟಿನಲ್ಲಿ, ತರಕಾರಿ ಗಾಡಿಗಳ ನಡುವೆ ಓಡುವ ಇಂಡಿಯಾದವನನ್ನು ಜನ ತಿರುಗಿ ನೋಡಿದರು. ಮೆಟ್ಟಿಲ ಮೇಲಿರುವಾಗಲೇ ಎಲ್ಲ ಮಸೀದಿಗಳಿಂದಲೂ ಒಟ್ಟಿಗೆ ಬಾಂಗು ಎದ್ದಿತು. ಬಾಗಿಲು ತೆಗೆದವನು ನಿಸಾರನೇ.

"ಒಳ್ಳೆ ಹೊತ್ತಿಗೆ ಬಂದ್ರಿ! ಬನ್ನಿ, ಉಮ್ಮ ನೋಂಬು ಬಿಡ್ತಾ ಇದ್ದಾರೆ."

ನಿಸಾರನ ತಾಯಿ ಆಮಿನಮ್ಮ ಚಾಪೆಯ ಮೇಲೆ ಬಿಳಿ ಬಟ್ಟೆ ಹೊದ್ದು ಕುಳಿತಿದ್ದರು. ವಿಸಿಟ್ ವೀಸಾದಲ್ಲಿ ಉಳ್ಳಾಲದಿಂದ ಬಂದ ಸಣ್ಣ ಜೀವ. ಮುಂದೆ ಒಂದು ತಟ್ಟೆಯಲ್ಲಿ ಖರ್ಜೂರ, ಒಂದು ಲೋಟ ನೀರು, ಅದರ ಪಕ್ಕದಲ್ಲಿ ಕಡುಕೆಂಪು ತುಂಬಿದ ಗ್ಲಾಸು. "ಬಾ ಮೋನೆ, ಕೂತ್ಕೋ ಮಗ," ಎಂದರು. ಕಣ್ಣುಮುಚ್ಚಿ ಏನೋ ಹೇಳಿಕೊಂಡು ಖರ್ಜೂರ ಬಾಯಿಗೆ ಹಾಕಿಕೊಂಡರು. ಒಂದು ಗುಟುಕು ನೀರು ಕುಡಿದರು. ಆಂಥೋನಿ ಬಾಗಿಲಲ್ಲೇ ನಿಂತು ಏದುಸಿರು ಬಿಡುತ್ತಿದ್ದ. ಬೆಳಿಗ್ಗೆ ಬಾರದ ಮಾತು ಈಗ ಎಲ್ಲಿಂದ ಬರಬೇಕು? "ನಿಸಾರ ತಂದದ್ದು. ಎಷ್ಟು ಚಂದ ಬಣ್ಣ ನೋಡು," ಎನ್ನುತ್ತ ಆಮಿನಮ್ಮ ಗ್ಲಾಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

ಅವನು ಹಸಿದ ನಾಯಿಯ ಹಾಗೆ ಎರಗಿದ. ಬೂಟು ಬಿಚ್ಚದೆ ಚಾಪೆ ತುಳಿದು, ಆ ಮುದಿ ಕೈಗಳಿಂದ ಗ್ಲಾಸನ್ನು ಕಸಿದು, ನಿಂತಲ್ಲೇ ಗಟಗಟ ಕುಡಿದ. ಗಲ್ಲದಿಂದ ಇಳಿದ ಒಂದು ಹನಿ ಆಮಿನಮ್ಮನ ಬಿಳಿ ಬಟ್ಟೆಯ ಮೇಲೆ ಬಿದ್ದು ಹರಡಿತು. ಆಮಿನಮ್ಮನ ಕೈಗಳು ಗ್ಲಾಸು ಹಿಡಿದ ರೀತಿಯಲ್ಲೇ ಗಾಳಿಯಲ್ಲಿ ನಿಂತಿದ್ದವು. ಹಗಲಿಡೀ ಉಪವಾಸವಿದ್ದ ಹೆಂಗಸಿನ ಬಾಯಿಂದ ಕಿತ್ತುಕೊಂಡು ಕುಡಿದಿದ್ದ. ತಾನು ಮಾಡಿದ್ದೇನೆಂದು ಅವನಿಗೆ ಆಗ ಕಂಡಿತು, ಕಂಡು ಅವನೇ ಬೆಚ್ಚಿದ.

ಮೊದಲು ಚೇತರಿಸಿಕೊಂಡವರು ಆ ಮುದುಕಿಯೇ. "ಯಾ ಅಲ್ಲಾಹ್, ಎಷ್ಟು ಬಾಯಾರಿದೆ ಪಾಪ! ಸೆಕೆಯಲ್ಲಿ ಓಡಿ ಬಂದದ್ದು ಕಾಣ್ತದೆ. ಕುಡಿ ಮೋನೆ, ಕುಡಿ. ಬಾಯಾರಿದವನಿಗೆ ಕೊಟ್ಟದ್ದು ನನ್ನ ನೋಂಬಿಗಿಂತ ಹೆಚ್ಚು," ಎಂದು ನಗುತ್ತ ಬಾಟಲಿಯ ಮುಚ್ಚಳ ತಿರುಗಿಸಿದರು. ಅದು ಬುಸ್ಸೆಂದು ನೊರೆ ಉಕ್ಕಿಸಿತು. ಇನ್ನೂ ಒಂದು ಗ್ಲಾಸಿಗೆ ಬಗ್ಗಿಸಲು ಹೊರಟವರ ಕೈಯಿಂದ ಆಂಥೋನಿ ಬಾಟಲಿಯನ್ನೇ ತೆಗೆದುಕೊಂಡ. ಒಂದು ತೊಟ್ಟೂ ಉಳಿಯಬಾರದು. ಬಾಟಲಿ ಎತ್ತಿ ಬಾಯಿಗಿಟ್ಟು ಕುಡಿದ, ಮೂಗಿಗೆ ಏರಿತು, ಕಣ್ಣಲ್ಲಿ ನೀರು ಬಂತು, ಕೆಮ್ಮುತ್ತ ಮತ್ತೆ ಕುಡಿದ. ನಡುವೆ ಒಂದು ಸಲ ಕಣ್ಣು ತೆರೆದಾಗ ನಿಸಾರ್ ಅವನನ್ನು ನೋಡುತ್ತಿದ್ದ. ನಿಸಾರನ ಮುಖದಲ್ಲಿ ಬೆಳಿಗ್ಗೆಯ ಫೋನು, ಹಾಳಾಗಿದೆ ಚೆಲ್ಲು ಎಂಬ ಮಾತು, ತಲೆ ಸರಿ ಉಂಟಾ ಎಂಬ ಪ್ರಶ್ನೆ ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು. ಬಾಟಲಿ ಖಾಲಿಯಾದ ಕೂಡಲೇ ಅವನು ಅದನ್ನು ತೆಗೆದುಕೊಂಡು ಮೂಸಿದ. ನೇರ ಬಚ್ಚಲಿಗೆ ಹೋದ. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ಅವನು ಬಾಯಿ ಮುಕ್ಕಳಿಸಿ ಉಗುಳುವುದು, ಮತ್ತೆ ಮುಕ್ಕಳಿಸುವುದು ಕೇಳಿಸುತ್ತಿತ್ತು. ಆಮಿನಮ್ಮ ಬಟ್ಟೆಯ ಮೇಲಿನ ಕಲೆಯನ್ನು ನೀರು ಹಚ್ಚಿ ಉಜ್ಜುತ್ತ, ಬೆಟ್ಟಿ ಹೇಗಿದ್ದಾಳೆ, ಮಗಳು ಓದ್ತಾಳಾ ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದ ಆಂಥೋನಿ.

"ಬನ್ನಿ, ಕೆಳಗೆ ಬಿಡ್ತೇನೆ," ಎಂದ ನಿಸಾರ್ ಹೊರಗೆ ಬಂದು.

ಇಬ್ಬರೂ ಮೆಟ್ಟಿಲಿಳಿದರು. ಖಾಲಿ ಹೊಟ್ಟೆಗೆ ಬಿದ್ದದ್ದು ಆಂಥೋನಿಯ ಕಿವಿಯನ್ನು ಬಿಸಿ ಮಾಡಿತ್ತು. ಗೋಡೆ ಹಿಡಿದುಕೊಂಡು ಇಳಿಯಬೇಕಾಯಿತು, ಅದೊಂದು ಅವಮಾನ ಬೇರೆ. ಮೊದಲ ಮಹಡಿಯ ತಿರುವಿನಲ್ಲಿ ನಿಸಾರ್ ನಿಂತ.

"ಯಾವಾಗ ಗೊತ್ತಾಯ್ತು ನಿಮಗೆ?"

ಮಧ್ಯಾಹ್ನ ಎನ್ನಬಹುದಿತ್ತು. ಆ ಒಂದು ಮಾತಿನಲ್ಲಿ ಎಲ್ಲ ಮುಚ್ಚಿಹೋಗುತ್ತಿತ್ತು. "ಬೆಳಿಗ್ಗೆ," ಎಂದ ಆಂಥೋನಿ.

"ನಾನು ಕುಡಿಯುವ ಮೊದಲಾ, ಆಮೇಲಾ?"

"ಮೊದಲೇ. ನೀನು ಎರಡನೇ ಗ್ಲಾಸು ತುಂಬಿಸುವಾಗ... ನೋಡ್ತಾ ಇದ್ದೆ."

ನಿಸಾರ್ ತಲೆಯಾಡಿಸಿದ. ಅವನಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಕೆನ್ನೆಗೆ ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ಅವನು ಬಹಳ ಮೆಲ್ಲಗೆ, ತನಗೇ ಅರ್ಥ ಮಾಡಿಸುವವನ ಹಾಗೆ ಹೇಳಿದ. "ನನ್ನ ಉಮ್ಮನ ಕೈಯಿಂದ ಕಸ್ಕೊಂಡ್ರಿ. ಅದಕ್ಕೆ ನಿಮ್ಮ ಕಾಲು ಹಿಡೀಬೇಕು ನಾನು. ಬೆಳಿಗ್ಗೆ ಗ್ಲಾಸು ಹಿಡಿದ ನನ್ನ ಕೈಯೂ ಅಲ್ಲೇ ಇತ್ತಲ್ಲ."

ಆಂಥೋನಿ ಕೈ ಚಾಚಿದ. ಹಿಡಿಯುವುದಕ್ಕೋ, ಕ್ಷಮೆ ಕೇಳುವುದಕ್ಕೋ ಅವನಿಗೇ ತಿಳಿಯದು. ನಿಸಾರ್ ಒಂದು ಮೆಟ್ಟಿಲು ಹಿಂದೆ ಸರಿದ.

"ಮಧ್ಯಾಹ್ನದ ನಮಾಜು ಮಾಡಿದೆ ಈ ಬಾಯಲ್ಲಿ. ಇಳಿಹೊತ್ತಿನದ್ದೂ ಮಾಡಿದೆ. ಈಗ ಮೇಲೆ ಉಮ್ಮ ಕಾಯ್ತಾ ಇದ್ದಾರೆ, ಬಾ ಒಟ್ಟಿಗೆ ನಮಾಜಿಗೆ ನಿಲ್ಲುವಾ ಅಂತ. ನಿಲ್ಬಹುದಾ ನಾನು? ಮಾಡಿದ್ದು ಆಯ್ತಾ ಇಲ್ವಾ? ಮಸೀದಿಯ ಉಸ್ತಾದರ ಹತ್ರ ಹೋಗಿ ಕೇಳ್ಬೇಕು. ಕೇಳಿದ್ರೆ, ಎಲ್ಲಿ ಕುಡಿದೆ, ಯಾರು ಕೊಟ್ರು ಅಂತಾರೆ. ಹೇಳಿದ್ರೆ ಬೆಟ್ಟಿ ಅಕ್ಕನನ್ನು ಪೊಲೀಸ್ ಕರ್ಕೊಂಡು ಹೋಗ್ತಾರೆ." ಅವನು ಅಂಗೈಯಿಂದ ಬಾಯಿ ಒರೆಸಿಕೊಂಡ, ಎಷ್ಟು ತೊಳೆದರೂ ಹೋಗಿಲ್ಲವೆಂಬಂತೆ ಮತ್ತೊಮ್ಮೆ ಒರೆಸಿಕೊಂಡ. "ಬೆಳಿಗ್ಗೆ ನೀವು ಬಾಯಿ ಮುಚ್ಚಿದ್ರಿ. ಇನ್ನು ಸಾಯುವ ತನಕ ನಾನು ಮುಚ್ಚಬೇಕು."

ಮೇಲಿನಿಂದ ಆಮಿನಮ್ಮ ಮಗನನ್ನು ಕರೆದರು. ಬಂದೆ ಉಮ್ಮ ಎಂದು ನಿಸಾರ್ ಮೆಟ್ಟಿಲು ಹತ್ತಿದ. ಆಂಥೋನಿ ಅಲ್ಲೇ ನಿಂತು ಕೇಳಿಸಿಕೊಂಡ: ನಿಸಾರನ ಹೆಜ್ಜೆಗಳು ಮೇಲೆ ಮುಚ್ಚಿದ ಬಾಗಿಲವರೆಗೆ ಹೋಗಿ ನಿಂತವು, ಬಾಗಿಲು ತೆರೆಯುವ ಸದ್ದು ಮಾತ್ರ ಬರಲಿಲ್ಲ, ನಮಾಜಿಗೆ ಒಳಗೆ ಹೋಗದೆ ಅವನು ಹೊರಗೆ ನಿಂತೇ ಇದ್ದ.